ಯಾವ ಪತ್ರಿಕೆ ಎಂದು ಮೊದಲು ಕೇಳೋಣ



ಕನ್ನಡದಲ್ಲಿ 'ಪತ್ರಿಕೆ' ಎಂಬ ಮಾತು ಬಹಳ ಉದಾರವಾದದ್ದು. ಮದುವೆಗೆ ಕರೆಯುವುದು ಲಗ್ನಪತ್ರಿಕೆ. ಮಕ್ಕಳನ್ನು ಹೆದರಿಸುವುದು ಪ್ರಶ್ನೆಪತ್ರಿಕೆ. ಬೆಳಗಿನ ಕಾಫಿಯ ಜೊತೆ ಬರುವುದು ದಿನಪತ್ರಿಕೆ, ಮನೆಮಂದಿಯೆಲ್ಲ ಕೈಯಿಂದ ಕೈಗೆ ದಾಟಿಸಿ ಓದುವುದು ವಾರಪತ್ರಿಕೆ. ವಿಜ್ಞಾನಿಗಳು ತಮ್ಮ ಪ್ರಯೋಗದ ಫಲವನ್ನು ಅಂಕಿ-ಅಂಶಗಳ ಸಹಿತ ಇತರ ವಿಜ್ಞಾನಿಗಳ ಮುಂದಿಡುವ ಹೊತ್ತಿಗೆಯೂ ಪತ್ರಿಕೆಯೇ. ಹೆಸರು ಒಂದೇ ಆದುದರಿಂದ ತೂಕವೂ ಒಂದೇ ಎಂದು ನಾವು ತಿಳಿಯುತ್ತೇವೆ. ಯಾರಾದರೂ "ಪತ್ರಿಕೆಯಲ್ಲಿಯೇ ಬಂದಿದೆಯಲ್ಲ" ಎಂದುಬಿಟ್ಟರೆ ಅಲ್ಲಿಗೆ ವಾದ ಮುಗಿದಂತೆ.

ಸಂಘದ ಕಚೇರಿಗೆ ಬರುವ ಸದಸ್ಯರ ಕೈಯಲ್ಲಿ ಒಂದಲ್ಲ ಒಂದು ಕತ್ತರಿಸಿದ ಕಾಗದ ಇದ್ದೇ ಇರುತ್ತದೆ. ಈಗಂತೂ ಕಾಗದದ ಬದಲು ಮೊಬೈಲಿನಲ್ಲಿ ಅದರ ಚಿತ್ರ ಇರುತ್ತದೆ. ಹೊಸ ಗೊಬ್ಬರದಿಂದ ಅಡಿಕೆ ಇಳುವರಿ ಇಮ್ಮಡಿ ಎಂದು ಒಂದು, ಕಾಂಡಕೊರಕಕ್ಕೆ ಶಾಶ್ವತ ಪರಿಹಾರ ಎಂದು ಇನ್ನೊಂದು, ಅಡಿಕೆ ವಿಷ ಎಂದು ಮತ್ತೊಂದು, ಅಡಿಕೆ ಅಮೃತ ಎಂದು ಮಗುದೊಂದು. ಘಟ್ಟದ ಕಾಫಿ ತೋಟದವರಾಗಲಿ, ಬಿಡದಿ, ಮಾಗಡಿ, ಚನ್ನಪಟ್ಟಣದ ಕಡೆ ತೆಂಗಿನ ಜೊತೆ ಅಡಿಕೆ ಹಾಕಿಕೊಂಡ ಬಯಲಿನವರಾಗಲಿ, ಎರಡು ಮೂರು ಎಕರೆಯ ನಮ್ಮಂಥವರಿಗೆ ಇದು ಓದಿ ಬದಿಗಿಡುವ ವಿಷಯವಲ್ಲ. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕು. ತಪ್ಪು ಮಾತು ನಂಬಿ ನೆಟ್ಟರೂ ನಷ್ಟ, ತಪ್ಪು ಮಾತು ನಂಬಿ ಕಡಿದರೂ ನಷ್ಟ. ಆದುದರಿಂದ ಪತ್ರಿಕೆಗಳಲ್ಲಿ ಎರಡು ಜಾತಿಯುಂಟು, ಎರಡನ್ನೂ ಗುರುತಿಸಲು ಬೆಳೆಗಾರನೂ ಕಲಿಯಬೇಕು ಎಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು ಜನಪ್ರಿಯ ಪತ್ರಿಕೆ. 'ಕಸ್ತೂರಿ', 'ಸುಧಾ', 'ತರಂಗ' ಇವೆಲ್ಲ ನಮ್ಮ ಮನೆಗಳಲ್ಲಿ ಬೆಳೆದವು. ಸಂಪಾದಕರು ಓದುಗನ ಮನಸ್ಸನ್ನು ಬಲ್ಲವರು. ಲೇಖನ ತಿಳಿಯಾಗಿದೆಯೇ, ರುಚಿಯಾಗಿದೆಯೇ ಎಂದು ನೋಡಿ ಅಚ್ಚು ಹಾಕುತ್ತಾರೆ. ಎರಡನೆಯದು ವಿದ್ವತ್ ಪತ್ರಿಕೆ ಅಥವಾ ಸಂಶೋಧನ ಪತ್ರಿಕೆ. ಕಾಸರಗೋಡಿನಲ್ಲಿರುವ ತೋಟದ ಬೆಳೆಗಳ ವಿಜ್ಞಾನಿಗಳ ಸಂಘ 1973ರಿಂದ ಹೊರತರುತ್ತಿರುವ 'ಜರ್ನಲ್ ಆಫ್ ಪ್ಲಾಂಟೇಶನ್ ಕ್ರಾಪ್ಸ್', ಬೆಂಗಳೂರಿನಲ್ಲಿ 1932ರಲ್ಲಿ ಹುಟ್ಟಿದ 'ಕರೆಂಟ್ ಸೈನ್ಸ್' ಈ ಜಾತಿಯವು. ಕನ್ನಡಕ್ಕೂ ಇದು ಹೊಸತಲ್ಲ. ಸಾಹಿತ್ಯ, ಶಾಸನ, ಇತಿಹಾಸಗಳ ವಿದ್ವಾಂಸರಿಗಾಗಿ 'ಪ್ರಬುದ್ಧ ಕರ್ಣಾಟಕ' 1919ರಲ್ಲಿಯೇ ಆರಂಭವಾಯಿತು.

ವಿದ್ವತ್ ಪತ್ರಿಕೆಗೆ ಬಂದ ಪ್ರಬಂಧವನ್ನು ಸಂಪಾದಕರು ತಾವೊಬ್ಬರೇ ಒಪ್ಪಿಕೊಳ್ಳುವುದಿಲ್ಲ. ಅದೇ ವಿಷಯದಲ್ಲಿ ಕೆಲಸ ಮಾಡಿದ ಬೇರೆ ಇಬ್ಬರು ಮೂವರು ವಿದ್ವಾಂಸರಿಗೆ ಕಳುಹಿಸುತ್ತಾರೆ. ಈ ಪರಿಶೀಲಕರು ಯಾರೆಂದು ಸಾಮಾನ್ಯವಾಗಿ ಬರೆದವರಿಗೆ ತಿಳಿಯುವುದಿಲ್ಲ. ಅವರು "ಎಷ್ಟು ಮರಗಳ ಮೇಲೆ ಪ್ರಯೋಗ? ಔಷಧಿ ಹೊಡೆಯದ ಮರಗಳನ್ನು ಹೋಲಿಕೆಗೆ ಇಟ್ಟುಕೊಂಡಿದ್ದೀರಾ? ಎಷ್ಟು ವರ್ಷ ನೋಡಿದಿರಿ? ಮಳೆ ಎಷ್ಟಿತ್ತು?" ಎಂದು ಕೆದಕುತ್ತಾರೆ. ಉತ್ತರ ಸರಿಕಾಣದಿದ್ದರೆ ಪ್ರಬಂಧ ವಾಪಸು. ಅಡಿಕೆ ಮಂಡಿಯಲ್ಲಿ ಮೂಟೆ ಬಿಚ್ಚಿ, ಬೊಗಸೆ ತೆಗೆದು, ಕತ್ತರಿಸಿ ನೋಡುವುದಿಲ್ಲವೇ, ಅದೇ ರೀತಿ. ಬಿಡದಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವ ನಮ್ಮ ಹುಡುಗರನ್ನು ಕೇಳಿ ನೋಡಿ. ಹೊರಗಿನಿಂದ ಬಂದ ಬಿಡಿಭಾಗವನ್ನು ಪರೀಕ್ಷೆ ಮಾಡದೆ ಗಾಡಿಗೆ ಜೋಡಿಸುವುದಿಲ್ಲ ಎಂದು ಅವರೇ ಹೇಳುತ್ತಾರೆ. ಕಾರಿನ ಬೋಲ್ಟಿಗೆ ಇರುವ ಮರ್ಯಾದೆ ನಮ್ಮ ತೋಟದ ಮರಕ್ಕೂ ಇರಬೇಡವೇ?

ಈ ಎರಡು ಜಾತಿಯ ಬರಹ ಒಂದಕ್ಕೊಂದು ಶತ್ರುವಲ್ಲ. ಕೊಳೆರೋಗದ ಕಥೆಯನ್ನೇ ತೆಗೆದುಕೊಳ್ಳಿ. ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಮಲೆನಾಡಿನ ಅಡಿಕೆ ಕಾಯಿಗಳು ಮಳೆಗಾಲದಲ್ಲಿ ಕೊಳೆತು ಉದುರುವುದಕ್ಕೆ ಒಂದು ಬಗೆಯ ಶಿಲೀಂಧ್ರ ಕಾರಣವೆಂದು ತೋರಿಸಿದ ಅವರ ಪ್ರಬಂಧ 1910ರಲ್ಲಿ ಜರ್ಮನಿಯ ಶಿಲೀಂಧ್ರಶಾಸ್ತ್ರದ ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವಿಷಯವನ್ನು ಮೈಸೂರು ಕೃಷಿ ಇಲಾಖೆ ತನ್ನ ಬುಲೆಟಿನ್ ಆಗಿಯೂ ಹೊರತಂದಿತು. ಮುಂದೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆ ಅಡಿಕೆ ಸೀಮೆಯ ಪದ್ಧತಿಯೇ ಆಯಿತು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಅಳತೆಯನ್ನು ಇಂದು ಅಕ್ಷರ ಬಾರದ ಕೊನೆಗಾರನೂ ಬಲ್ಲ. ವಿದ್ವತ್ ಪತ್ರಿಕೆ ಮಾತನ್ನು ಒರೆಗೆ ಹಚ್ಚಿತು. ಬುಲೆಟಿನ್ನು, ಭಾಷಣ, ಪ್ರಾತ್ಯಕ್ಷಿಕೆಗಳು ಅದನ್ನು ತೋಟಕ್ಕೆ ತಲುಪಿಸಿದವು. ಒರೆಗೆ ಹಚ್ಚದ ಮಾತನ್ನು ತಲುಪಿಸಿದರೆ ಅನರ್ಥ, ಒರೆಗೆ ಹಚ್ಚಿದ್ದನ್ನು ತಲುಪಿಸದಿದ್ದರೆ ವ್ಯರ್ಥ.

ಹಾಗಾದರೆ ಗುರುತಿಸುವುದು ಹೇಗೆ? ಇಂಗ್ಲಿಷು ಅಷ್ಟಾಗಿ ಬಾರದವರೂ ನೋಡಬಹುದಾದ ಕೆಲವು ಗುರುತುಗಳಿವೆ.

ವಿದ್ವತ್ ಪತ್ರಿಕೆಯಲ್ಲಿ ಬರೆದವರ ಹೆಸರಿನ ಕೆಳಗೆ ಅವರು ಕೆಲಸ ಮಾಡುವ ಸಂಸ್ಥೆಯ ವಿಳಾಸವಿರುತ್ತದೆ. ಪ್ರಬಂಧ ಬಂದ ದಿನಾಂಕ, ಒಪ್ಪಿಗೆಯಾದ ದಿನಾಂಕ ಎರಡನ್ನೂ ಹೆಚ್ಚಿನವು ಅಚ್ಚು ಹಾಕುತ್ತವೆ. ನಡುವೆ ಕೆಲವು ತಿಂಗಳೇ ಕಳೆದಿರುತ್ತವೆ. ಮೊದಲಿಗೆ ಸಾರಾಂಶ, ಆಮೇಲೆ ಪ್ರಯೋಗ ಮಾಡಿದ ವಿಧಾನ, ಫಲಿತಾಂಶ, ಚರ್ಚೆ, ಕಟ್ಟಕಡೆಗೆ ಹಿಂದಿನ ಪ್ರಬಂಧಗಳ ಉದ್ದನೆಯ ಪಟ್ಟಿ. ಬಣ್ಣದ ಚಿತ್ರಕ್ಕಿಂತ ಕೋಷ್ಟಕಗಳೇ ಹೆಚ್ಚು. ಹಣ ಕೊಟ್ಟವರು ಯಾರು, ಬರೆದವರಿಗೆ ಸ್ವಂತ ಲಾಭವೇನಾದರೂ ಇದೆಯೇ ಎಂಬುದನ್ನೂ ಈಚಿನ ಪತ್ರಿಕೆಗಳಲ್ಲಿ ತಿಳಿಸಿರುತ್ತಾರೆ. ಬಸ್ ನಿಲ್ದಾಣದ ಅಂಗಡಿಯಲ್ಲಿ ಇವು ನೇತಾಡುವುದಿಲ್ಲ. ಭಾಷೆ ಒಣ ಹಾಳೆಯಂತಿರುತ್ತದೆ. "ಇರಬಹುದು", "ಇಷ್ಟು ಮಿತಿಯಲ್ಲಿ ಕಂಡುಬಂದಿದೆ", "ಇನ್ನೂ ಪ್ರಯೋಗ ಅಗತ್ಯ" ಎಂಬ ಮಾತುಗಳೇ ಜಾಸ್ತಿ. ಎಲ್ಲಿ "ಶಾಶ್ವತ", "ಪವಾಡ", "ನೂರಕ್ಕೆ ನೂರು" ಎಂಬ ಮಾತು ಬಂದಿತೋ ಅಲ್ಲಿ ಚೀಲದ ಬಾಯಿ ಬಿಗಿಯಾಗಿ ಹಿಡಿದುಕೊಳ್ಳಿ.

ಇವೆರಡರ ನಡುವೆ ಮೂರನೆಯ ವರ್ಗವೊಂದಿದೆ. ಕಾಫಿ ಮಂಡಳಿಯ 'ಇಂಡಿಯನ್ ಕಾಫಿ'ಯಂಥ ಉದ್ಯಮದ ಪತ್ರಿಕೆ, ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರೂ ಕಾಸರಗೋಡು, ವಿಟ್ಲದ ವಿಜ್ಞಾನಿಗಳೂ ಬೆಳೆಗಾರರಿಗಾಗಿ ತರುವ ಕಿರುಹೊತ್ತಿಗೆ, ಇವು ಆ ವರ್ಗ. ಸಂಸ್ಥೆಯ ಹೆಸರು ಇವುಗಳ ಜಾಮೀನು. ದಿನನಿತ್ಯದ ಕೆಲಸಕ್ಕೆ ನಮಗೆ ಇವೇ ಹೆಚ್ಚು ಉಪಯುಕ್ತ. ಆದರೆ ಅವುಗಳಲ್ಲಿ ಬರುವ ಗೊಬ್ಬರ, ಔಷಧಿ, ಯಂತ್ರಗಳ ಜಾಹೀರಾತು ಜಾಹೀರಾತೇ ಹೊರತು ಸಂಸ್ಥೆಯ ಶಿಫಾರಸು ಅಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಪಾಠವಾಯಿತು, ಅಭಿಪ್ರಾಯವಾಗಲಿಲ್ಲ. ನಾವು ಹೇಳಬೇಕಾದ ಮುಖ್ಯ ಮಾತು ಬೇರೆಯೇ ಇದೆ. ಹಿಡಿಸುವ ಸುದ್ದಿಗೆ ಒಂದು ತಕ್ಕಡಿ, ಹಿಡಿಸದ ಸುದ್ದಿಗೆ ಇನ್ನೊಂದು ತಕ್ಕಡಿ ಎಂಬ ವ್ಯಾಪಾರವನ್ನು ನಾವು ಬಿಡಬೇಕು. ಕಾಫಿ, ಅಡಿಕೆ ಎರಡನ್ನೂ ಬೆಳೆಯುವ ನಮ್ಮ ಸಂಘಕ್ಕೆ ಈ ಮಾತು ಬಹಳ ಹತ್ತಿರದ್ದು.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿ ಫ್ರಾನ್ಸ್ ದೇಶದಲ್ಲಿ ಒಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ. ಯಾವ ವಸ್ತು ಕ್ಯಾನ್ಸರಿಗೆ ಕಾರಣ ಎಂದು ತೀರ್ಮಾನಿಸಲು ಅದು ಆಗಾಗ ತಜ್ಞರನ್ನು ಸೇರಿಸುತ್ತದೆ. ಈ ತಜ್ಞರು ವಾರಪತ್ರಿಕೆ ಓದಿ ತೀರ್ಪು ಕೊಡುವುದಿಲ್ಲ. ಜಗತ್ತಿನ ವಿದ್ವತ್ ಪತ್ರಿಕೆಗಳಲ್ಲಿ ಪ್ರಕಟವಾದ ಪ್ರಬಂಧಗಳನ್ನು ಗುಡ್ಡೆ ಹಾಕಿಕೊಂಡು ಒಂದೊಂದಾಗಿ ತೂಗುತ್ತಾರೆ. 1991ರಲ್ಲಿ ಇದೇ ಸಂಸ್ಥೆ ಕಾಫಿಯಿಂದ ಮೂತ್ರಕೋಶದ ಕ್ಯಾನ್ಸರ್ ಉಂಟಾಗುವ ಸಂಭವವಿದೆ ಎಂದು ಅದನ್ನು ಶಂಕಿತ ಪಟ್ಟಿಗೆ ಸೇರಿಸಿತ್ತು. 25 ವರ್ಷಗಳ ತರುವಾಯ, 2016ರಲ್ಲಿ, 23 ವಿಜ್ಞಾನಿಗಳು ಕುಳಿತು ಸಾವಿರಕ್ಕೂ ಮಿಕ್ಕಿದ ಅಧ್ಯಯನಗಳನ್ನು ಪರಿಶೀಲಿಸಿ, ಆ ಆರೋಪಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಕಾಫಿಯನ್ನು ಪಟ್ಟಿಯಿಂದ ಬಿಡಿಸಿದರು. 65 ಡಿಗ್ರಿ ಸೆಲ್ಸಿಯಸ್ಸಿಗಿಂತ ಬಿಸಿಯಾದ ಪಾನೀಯ ಯಾವುದೇ ಆಗಲಿ ಅನ್ನನಾಳಕ್ಕೆ ಕೆಡುಕು ತರುವ ಸಂಭವವಿದೆ ಎಂದಷ್ಟೇ ಎಚ್ಚರಿಸಿದರು. ಕಾಫಿ ಬೆಳೆಗಾರರಿಗೆ ಇದು ಸಂತೋಷದ ಸುದ್ದಿ.

ಅದೇ ಸಂಸ್ಥೆ ಅದೇ ಕ್ರಮದಲ್ಲಿ ಅಡಿಕೆಯನ್ನೂ ಪರೀಕ್ಷಿಸಿತು. 1985ರಲ್ಲಿ ಹೊಗೆಸೊಪ್ಪು ಸೇರಿಸಿದ ಎಲೆಅಡಿಕೆ ಕ್ಯಾನ್ಸರ್‌ಕಾರಕ ಎಂದಿತು; ಹೊಗೆಸೊಪ್ಪು ಇಲ್ಲದ ಎಲೆಅಡಿಕೆಯ ಬಗ್ಗೆ ಆಗ ಆಧಾರ ಸಾಲದು ಎಂದು ಹೇಳಿ ಸುಮ್ಮನಾಯಿತು. ಆಮೇಲೆ ಬಂದ ಪ್ರಬಂಧಗಳನ್ನು ನೋಡಿ, 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ಹೊಗೆಸೊಪ್ಪಿಲ್ಲದ ಎಲೆಅಡಿಕೆಯನ್ನೂ ಅಡಿಕೆಯನ್ನೂ ಮೊದಲನೆಯ ವರ್ಗಕ್ಕೆ, ಅಂದರೆ ಕ್ಯಾನ್ಸರ್‌ಕಾರಕವೆಂದು ಖಚಿತವಾದ ವಸ್ತುಗಳ ಪಟ್ಟಿಗೆ, ಸೇರಿಸಿತು. 2016ರ ಮಾತನ್ನು ಚಪ್ಪಾಳೆ ತಟ್ಟಿ ಸ್ವಾಗತಿಸುವ ನಾವು 2004ರ ಮಾತನ್ನು ವಿದೇಶಿಯರ ಪಿತೂರಿ ಎಂದು ತಳ್ಳಿಹಾಕುವುದು ಯಾವ ನ್ಯಾಯ? ಕಾಫಿಗೆ ಸರಿಯಾದ ತಕ್ಕಡಿ ಅಡಿಕೆಗೆ ಬಂದೊಡನೆ ಸುಳ್ಳಾಗುವುದಿಲ್ಲ.

ಹಾಗೆಂದು ಪೇಟೆಯ ತಲೆಬರಹ ನೋಡಿ ಮರ ಕಡಿಯಿರೆಂದು ನಾವು ಹೇಳುತ್ತಿಲ್ಲ. ಮೂಲವನ್ನು ಓದಿದವರಿಗೆ ತಲೆಬರಹದಲ್ಲಿ ಇಲ್ಲದ ವಿವರಗಳು ಸಿಗುತ್ತವೆ. ಆ ಪಟ್ಟಿ ಸಾಕ್ಷ್ಯ ಎಷ್ಟು ಗಟ್ಟಿ ಎಂದು ಹೇಳುತ್ತದೆಯೇ ಹೊರತು ಎಷ್ಟು ತಿಂದರೆ ಎಷ್ಟು ಅಪಾಯ ಎಂದು ಹೇಳುವುದಿಲ್ಲ. 2024ರಲ್ಲಿ 'ಲ್ಯಾನ್ಸೆಟ್ ಆಂಕಾಲಜಿ' ಎಂಬ ವೈದ್ಯಕೀಯ ವಿದ್ವತ್ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಕಂಡುಬಂದ ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ ಸುಮಾರು ಶೇಕಡ 31ಕ್ಕೆ ಹೊಗೆರಹಿತ ತಂಬಾಕು ಅಥವಾ ಅಡಿಕೆ ಸೇವನೆ ಕಾರಣ. 'ಅಥವಾ' ಎಂಬ ಪದವನ್ನು ಗಮನಿಸಿ. ಇಡೀ ಪಾಲನ್ನು ಅಡಿಕೆಯ ತಲೆಗೇ ಕಟ್ಟಿದ ಲೇಖನವೂ ಸರಿಯಲ್ಲ, ಎಲ್ಲವೂ ತಂಬಾಕಿನದು, ಅಡಿಕೆ ಗಂಗೆಯಷ್ಟು ಪವಿತ್ರ ಎಂದ ಭಾಷಣವೂ ಸರಿಯಲ್ಲ. ಬೆಳೆಯ ಅಭಿಮಾನ ಇರಬೇಕಾದ್ದೇ. ಆದರೆ ನಮ್ಮ ಮನೆಯ ಹುಡುಗ ಗುಟ್ಕಾ ಪೊಟ್ಟಣ ಹರಿಯುವಾಗ ಆ ಅಭಿಮಾನ ಕಣ್ಣು ಕಟ್ಟಬಾರದು. ಬೇರೆ ಫಲಿತಾಂಶ ಬೇಕೆನ್ನುವವರು ಸರಿಯಾದ ಸಂಶೋಧನೆ ಮಾಡಿಸಿ, ವಿದ್ವತ್ ಪತ್ರಿಕೆಯ ಪರಿಶೀಲಕರ ಮುಂದೆ ಇಡಲಿ. ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸಿದರೆ ಸಾಲದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನಮಗೇ ಚೆನ್ನಾಗಿ ಒಪ್ಪುತ್ತದೆ.

ವಿದ್ವತ್ ಪತ್ರಿಕೆ ಎಂದ ಮಾತ್ರಕ್ಕೆ ದೇವರ ವಾಕ್ಯವೂ ಅಲ್ಲ. ಕಾಫಿಯವರು ಮರೆಯಬಾರದ ಒಂದು ಪ್ರಸಂಗವಿದೆ. ಹಸಿ ಕಾಫಿ ಬೀಜದ ಸಾರ ಸೇವಿಸಿದರೆ ಮೈತೂಕ ಇಳಿಯುತ್ತದೆ ಎಂಬ ಪ್ರಬಂಧ 2012ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತು. ಪ್ರಯೋಗ ನಡೆದದ್ದು ನಮ್ಮ ಭಾರತದಲ್ಲೇ; ಪ್ರಯೋಗಕ್ಕೆ ಒಳಪಟ್ಟವರು ಬರೀ 16 ಮಂದಿ. ಅಮೆರಿಕದ ಟೆಲಿವಿಷನ್ ವೈದ್ಯರೊಬ್ಬರು ಅದನ್ನು ಹೊಗಳಿದ್ದೇ ತಡ, ಮಾತ್ರೆಗಳು ಅಂಗಡಿಗಳಲ್ಲಿ ಭರದಿಂದ ಮಾರಾಟವಾದವು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ವಿಚಾರಣೆ ನಡೆಸಿ, ಪ್ರಯೋಗದ ಅಂಕಿಗಳನ್ನೇ ತಿದ್ದಲಾಗಿದೆಯೆಂದು ಆರೋಪಿಸಿತು. 2014ರಲ್ಲಿ ಸಂಬಂಧಪಟ್ಟ ಕಂಪನಿ 35 ಲಕ್ಷ ಡಾಲರ್ ತೆರಲು ಒಪ್ಪಿತು. ಅದೇ ವರ್ಷ ಪ್ರಬಂಧವನ್ನು ಬರೆದವರೇ ಹಿಂದಕ್ಕೆ ಪಡೆದರು. ಇದರಲ್ಲಿ ಎರಡು ಪಾಠಗಳಿವೆ. 16 ಜನರ ಒಂದು ಪ್ರಯೋಗ ಒಂದು ಕಲ್ಲಷ್ಟೇ, ಗೋಡೆಯಲ್ಲ. ಎರಡನೆಯದಾಗಿ, ವಿದ್ವತ್ ಪತ್ರಿಕೆಯಲ್ಲಿ ಸುಳ್ಳೆಂದು ತೋರಿಬಂದ ಪ್ರಬಂಧವನ್ನು ಹೆಸರು ಹಿಡಿದು ವಾಪಸು ಪಡೆಯುವ ಪದ್ಧತಿ ಇದೆ, ಆ ವಾಪಸಾತಿಯೂ ದಾಖಲೆಯಲ್ಲಿ ಉಳಿಯುತ್ತದೆ. ಬಾಯಿಂದ ಬಾಯಿಗೆ ಹೋದ ಹೊಗಳಿಕೆಯನ್ನು ವಾಪಸು ಪಡೆಯುವವರು ಯಾರೂ ಇಲ್ಲ; ಅದು ಇವತ್ತಿಗೂ ತಿರುಗುತ್ತಲೇ ಇದೆ.

ವಿದ್ವತ್ ಪತ್ರಿಕೆಯ ವೇಷ ಹಾಕಿದ ಕಳ್ಳ ಪತ್ರಿಕೆಗಳೂ ಇವೆ. ಹಣ ಕೊಟ್ಟರೆ ಯಾವ ಪ್ರಬಂಧವನ್ನಾದರೂ ಪರಿಶೀಲಿಸದೆ ಅಚ್ಚು ಹಾಕುವುದು ಇವುಗಳ ದಂಧೆ. ಜಾನ್ ಬೊಹಾನನ್ ಎಂಬ ಪತ್ರಕರ್ತರು ಬೇಕೆಂದೇ ತಪ್ಪುಗಳನ್ನು ತುಂಬಿ, ಇಲ್ಲದ ಸಂಸ್ಥೆಗಳ ಹೆಸರಿನಲ್ಲಿ ಒಂದು ಹುಸಿ ಪ್ರಬಂಧ ಬರೆದು 304 ಪತ್ರಿಕೆಗಳಿಗೆ ಕಳುಹಿಸಿದರು. ಅರ್ಧಕ್ಕಿಂತ ಹೆಚ್ಚು ಪತ್ರಿಕೆಗಳು ಅದನ್ನು ಒಪ್ಪಿಕೊಂಡವು ಎಂದು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. ನಮ್ಮ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2019ರಲ್ಲಿ ನಂಬತಕ್ಕ ಪತ್ರಿಕೆಗಳದೊಂದು ಪಟ್ಟಿ ಮಾಡಿತು; 2025ರಲ್ಲಿ ಅದನ್ನೂ ಕೈಬಿಟ್ಟಿತು. ಆದುದರಿಂದ "ಅಂತರರಾಷ್ಟ್ರೀಯ ಜರ್ನಲ್‌ನಲ್ಲಿ ಬಂದಿದೆ" ಎಂದು ಔಷಧಿ ಮಾರುವವರು ಹೊಳೆಯುವ ಕಾಗದ ಹಿಡಿದು ಬಂದರೆ, ಆ ಪತ್ರಿಕೆ ಹೊರಡುವುದು ಎಲ್ಲಿಂದ, ಸಂಪಾದಕ ಮಂಡಳಿಯಲ್ಲಿ ನಮ್ಮ ವಿಜ್ಞಾನಿಗಳಿಗೆ ಗೊತ್ತಿರುವವರು ಯಾರಾದರೂ ಇದ್ದಾರೆಯೇ ಎಂದು ಕೇಳಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ.

ನಿಜವಾದ ಪ್ರಬಂಧವೂ ತಾನು ಹುಟ್ಟಿದ ನೆಲದ ಮಾತನ್ನೇ ಆಡುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಬಿಡದಿ, ರಾಮನಗರದ ಕಡೆ ಸಾವಿರವೂ ಮುಟ್ಟುವುದಿಲ್ಲ. ಅಲ್ಲಿನ ಕೊಳೆರೋಗದ ಸಿಂಪಡಣೆಯ ಲೆಕ್ಕವನ್ನು ಇಲ್ಲಿಗೆ ಹಾಗೇ ತಂದರೆ ಮೈಲುತುತ್ತದ ದುಡ್ಡು ದಂಡ. ಪ್ರಯೋಗ ಎಲ್ಲಿ, ಯಾವ ಮಣ್ಣಿನಲ್ಲಿ, ಎಷ್ಟು ಮಳೆಯಲ್ಲಿ ನಡೆಯಿತೆಂಬುದನ್ನು ವಿದ್ವತ್ ಪತ್ರಿಕೆ ಹೇಳಿಯೇ ಇರುತ್ತದೆ. ಅದನ್ನು ಕತ್ತರಿಸಿ ತಂದ ಲೇಖನದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದೇ ಆ ಭಾಗ.

ಬಿಡದಿ ಸುತ್ತಿನ ಸದಸ್ಯರಿಗೆ ಇದರ ಬೆಲೆ ಇನ್ನೊಂದು ಕಡೆಯಿಂದಲೂ ಗೊತ್ತಾಗಬೇಕು. ಬೆಂಗಳೂರಿನ ಕೊಳಚೆ ಹೊತ್ತು ಬರುವ ವೃಷಭಾವತಿಯ ನೀರು ಬೈರಮಂಗಲ ಕೆರೆಗೆ ಸೇರುತ್ತದೆ. ಆ ಕೆರೆಯ ನೊರೆಯ ಚಿತ್ರಗಳು ದಿನಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿವೆ. ಬಂದದ್ದು ಒಳ್ಳೆಯದೇ, ಅದರಿಂದ ಊರು ಎಚ್ಚೆತ್ತಿತು. ಆದರೆ "ನೀರು ವಿಷ" ಎಂಬ ತಲೆಬರಹ ಹಿಡಿದು ಅಧಿಕಾರಿಗಳ ಮುಂದೆ ನಿಂತರೆ ಅವರು "ಪರಿಶೀಲಿಸುತ್ತೇವೆ" ಎಂದು ಕಳುಹಿಸುತ್ತಾರೆ. ವೃಷಭಾವತಿಯ ನೀರು, ಆ ನೀರುಂಡ ಮಣ್ಣು, ಅದರಲ್ಲಿ ಬೆಳೆದ ಸೊಪ್ಪು-ತರಕಾರಿಗಳಲ್ಲಿರುವ ಭಾರಲೋಹಗಳನ್ನು ಅಳೆದ ಸಂಶೋಧನ ಪ್ರಬಂಧಗಳು ಹಲವು ಇವೆ. ಮಾದರಿ ತೆಗೆದ ಜಾಗ, ಒಂದು ಕಿಲೋದಲ್ಲಿ ಇಷ್ಟು ಮಿಲಿಗ್ರಾಂ, ಮಿತಿ ಇಷ್ಟು ಎಂದು ಕೋಷ್ಟಕ ತೋರಿಸಿ ಕೇಳುವ ರೈತನಿಗೆ ಹಾರಿಕೆಯ ಉತ್ತರ ಕೊಡುವುದು ಕಷ್ಟ. ನ್ಯಾಯಾಲಯದ ಮೆಟ್ಟಿಲು ಹತ್ತುವ ಪ್ರಸಂಗ ಬಂದರೂ ನಿಲ್ಲುವುದು ಆ ಕೋಷ್ಟಕವೇ. ವಿದ್ವತ್ ಪತ್ರಿಕೆ ಪಂಡಿತರ ಸೊತ್ತು, ನಮಗೇಕೆ ಎನ್ನುವವರು ಈ ಮಾತನ್ನು ಯೋಚಿಸಬೇಕು.

ಜನಪ್ರಿಯ ಪತ್ರಿಕೆಗಳನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಡಿಸಿ ಕನ್ನಡಿಗರಿಗೆ ಅವರ ಮಾತಿನಲ್ಲೇ ಶಾಸ್ತ್ರ ಹೇಳಿದರು. ಪುತ್ತೂರಿನಲ್ಲಿ 1988ರಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ' ರೈತನ ಕೈಗೇ ಲೇಖನಿ ಕೊಟ್ಟಿತು. ತೋಟದಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದ ರೈತನ ಅನುಭವ ವಿಜ್ಞಾನಿಗೆ ಹೊಸ ಪ್ರಶ್ನೆಯನ್ನು ಒದಗಿಸುತ್ತದೆ. ಆದರೆ ಒಬ್ಬರ ತೋಟದ ಒಂದು ವರ್ಷದ ಅನುಭವ ಪ್ರಶ್ನೆಯ ಆರಂಭವೇ ಹೊರತು ಉತ್ತರವಲ್ಲ. ಒಳ್ಳೆಯ ಜನಪ್ರಿಯ ಲೇಖಕ ತನ್ನ ಮಾತಿನ ಮೂಲವನ್ನು ಹೇಳುತ್ತಾನೆ: ಇಂಥ ಸಂಸ್ಥೆ, ಇಂಥ ವರ್ಷ, ಇಂಥ ಪತ್ರಿಕೆ. "ವಿಜ್ಞಾನಿಗಳು ಹೇಳುತ್ತಾರೆ" ಎಂದು ಮಾತ್ರ ಬರೆದು ಮುಂದೆ ಹೋದವನ ಮಾತನ್ನು ನಾವೂ ಓದಿ ಮುಂದೆ ಹೋದರೆ ಸಾಕು.

ಕಡೆಯದಾಗಿ ನಮ್ಮ ಸಲಹೆಗಳನ್ನು ಸದಸ್ಯರ ಮುಂದಿಡುತ್ತೇವೆ. ಒಂದು, ಈ ವಾರ್ತಾಪತ್ರದಲ್ಲಿ ಗೊಬ್ಬರ, ಔಷಧಿ, ತಳಿಗಳ ಬಗ್ಗೆ ಏನೇ ಬಂದರೂ ಅದರ ಕೆಳಗೆ ಮೂಲವನ್ನು ಅಚ್ಚು ಹಾಕತಕ್ಕದ್ದು. ಮೂಲವಿಲ್ಲದ್ದನ್ನು 'ಸದಸ್ಯರ ಅನುಭವ' ಎಂಬ ತಲೆಬರಹದಡಿ ಬೇರೆಯಾಗಿಯೇ ಹಾಕತಕ್ಕದ್ದು. ಎರಡು, ಸಂಘದ ಕಚೇರಿಯಲ್ಲಿ ಒಂದು ರಿಜಿಸ್ಟರ್ ಇಡೋಣ. ಸದಸ್ಯರು ತಂದ ಪ್ರತಿಯೊಂದು ಕತ್ತರಿಕೆಯ ಎದುರಿಗೆ ಯಾವ ಪತ್ರಿಕೆ, ಎಲ್ಲಿನ ಪ್ರಯೋಗ, ಎಷ್ಟು ಮರ, ಎಷ್ಟು ವರ್ಷ, ಹಣ ಯಾರದು ಎಂಬ ಐದು ಕಲಮು ಇರಲಿ. ತುಂಬಲು ಬಾರದಿದ್ದರೆ ಬಯಲಿನವರು ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನೂ ಘಟ್ಟದವರು ಬಾಳೆಹೊನ್ನೂರನ್ನೂ ವಿಚಾರಿಸಬಹುದು. ಮೂರು, ಐದೂ ಕಲಮು ತುಂಬಿದ ಮೇಲೂ ಮೊದಲು ಹತ್ತು ಮರಕ್ಕೆ ಮಾಡಿ, ಪಕ್ಕದ ಹತ್ತು ಮರವನ್ನು ಹಾಗೆಯೇ ಬಿಟ್ಟು, ಎರಡು ಫಸಲು ಹೋಲಿಸಿ ನೋಡಿ. ನಾಲ್ಕು, ಕಾಲೇಜು ಕಲಿತ ಮಕ್ಕಳಿಂದ ಇಂಗ್ಲಿಷ್ ಪ್ರಬಂಧದ ಸಾರಾಂಶವನ್ನಾದರೂ ಕನ್ನಡದಲ್ಲಿ ಓದಿಸಿ ಕೇಳಿ. ಅವರ ಓದಿಗೆ ನಾವು ಖರ್ಚು ಮಾಡಿದ್ದು ತೋಟದ ದುಡ್ಡು. ಆ ಓದು ತೋಟಕ್ಕೂ ಸ್ವಲ್ಪ ಸಲ್ಲಲಿ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಅಚ್ಚಾದದ್ದನ್ನು ಕಂಡರೂ ಹಾಗೆಯೇ ಮಾಡೋಣ. ಈ ರಿಜಿಸ್ಟರಿನ ಸಲಹೆಯನ್ನು ಮುಂದಿನ ಮಹಾಸಭೆಯ ಕಾರ್ಯಕಲಾಪಗಳಲ್ಲಿ ಸೇರಿಸಿದ್ದೇವೆ. ಸದಸ್ಯರು ತಪ್ಪದೆ ಬಂದು ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ಕೋರುತ್ತೇವೆ.